ಕ್ಲೇಮ್, ಡಿಕ್ಲೇರ್, ಪ್ರಿಟೆಂಡ್: ಯಾವ ಕ್ರಿಯಾಪದ ಎಲ್ಲಿ ಸಲ್ಲುತ್ತದೆ

ಕೆಲವು ವರ್ಷಗಳ ಹಿಂದೆ ನೆರೆ ಪರಿಹಾರದ ಒಂದು ವರದಿಯನ್ನು ಕನ್ನಡದಿಂದ ಇಂಗ್ಲಿಷಿಗೆ ತಂದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಒಬ್ಬ ಹೆಣ್ಣುಮಗಳು, ಕೊಟ್ಟಿಗೆಯಲ್ಲಿ ಕಟ್ಟಿದ್ದ ಎರಡೂ ಹಸುಗಳು ನೀರಿನಲ್ಲಿ ಕೊಚ್ಚಿಕೊಂಡು ಹೋದವು ಎಂದು ಹೇಳಿದ್ದಳು. 'ಸೆಡ್' ಎಂಬ ಪದ ಅದೇ ಪುಟದಲ್ಲಿ ಆಗಲೇ ಏಳೆಂಟು ಸಲ ಬಂದುಹೋಗಿದ್ದರಿಂದ, ಒಂದು ಬದಲಾವಣೆ ಇರಲಿ ಎಂದುಕೊಂಡು ನಾನು ಅಲ್ಲಿ 'ಕ್ಲೇಮ್ಡ್' ಎಂದು ಬರೆದೆ. ಕರಡನ್ನು ಓದಿದ ಹಿರಿಯರೊಬ್ಬರು ಆ ಪದದ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ಕನ್ನಡದಲ್ಲೇ 'ಹಸು ಇರಲಿಲ್ಲ ಅಂತ ನಿಮಗೆ ಯಾರು ಹೇಳಿದರು?' ಎಂದು ಕೇಳಿದ್ದರು. ನನಗೆ ಯಾರೂ ಹೇಳಿರಲಿಲ್ಲ, ಅವಳ ಮಾತಿನ ಮೇಲೆ ಎಳ್ಳಷ್ಟು ಅನುಮಾನವೂ ಇರಲಿಲ್ಲ. ಆದರೆ ನಾನು ಆರಿಸಿದ ಒಂದು ಕ್ರಿಯಾಪದ ಆ ಅನುಮಾನವನ್ನು ನನ್ನ ಹೆಸರಿನಲ್ಲಿ ಬರೆದುಬಿಟ್ಟಿತ್ತು.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಪ್ಪು ಸುಲಭವಾಗಿ ಆಗುವುದಕ್ಕೆ ಕಾರಣವಿದೆ. ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ನಮ್ಮ ನಂಬಿಕೆ, ಅಪನಂಬಿಕೆಗಳು ಕನ್ನಡದಲ್ಲಿ ವಾಕ್ಯದ ಬಾಲದಲ್ಲಿ ಕೂತಿರುತ್ತವೆ. 'ಬಂದಳು' ಎಂದರೆ ನಾನು ಕಂಡದ್ದು. 'ಬಂದಳಂತೆ' ಎಂದರೆ ಕೇಳಿದ್ದು, ಹೊಣೆ ನನ್ನದಲ್ಲ. 'ಬಂದಿದ್ದಾಳೆ ಎನ್ನಲಾಗಿದೆ' ಎಂದರೆ ಪತ್ರಿಕೆಯವರು ಕೈ ತೊಳೆದುಕೊಂಡದ್ದು. 'ಬಂದವಳ ಹಾಗೆ ಮಾಡಿದಳು' ಎಂದರೆ ಬರಲೇ ಇಲ್ಲ. ನಾಲ್ಕರಲ್ಲೂ ಮೂಲ ಕ್ರಿಯೆ 'ಬರು' ಒಂದೇ, ಬಾಲ ಮಾತ್ರ ಬೇರೆ. ಇಂಗ್ಲಿಷಿನಲ್ಲಿ 'ಅಂತೆ'ಗೆ ಸಮನಾದ ಪ್ರತ್ಯಯವಿಲ್ಲ. ಆ ಕೆಲಸದ ಬಹುಪಾಲನ್ನು ಅಲ್ಲಿ 'ಹೇಳು' ಎಂಬ ಅರ್ಥದ ಕ್ರಿಯಾಪದವೇ ಹೊರಬೇಕಾಗುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಈ ಕ್ರಿಯಾಪದಗಳನ್ನು ಒಂದಕ್ಕೊಂದು ಪರ್ಯಾಯವೆಂದು ಬಳಸಲು ಬರುವುದಿಲ್ಲ. ಪದ ಬದಲಾದರೆ ಬರೆಯುವವನು ನಿಂತಿರುವ ಜಾಗವೇ ಬದಲಾಗುತ್ತದೆ.

ಮೊದಲ ಹೆಜ್ಜೆ: ನೀವು ಎಲ್ಲಿ ನಿಂತಿದ್ದೀರಿ ಎಂದು ಕೇಳಿಕೊಳ್ಳಿ

ನಿಘಂಟು ತೆರೆಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬಹುದು. ನೀವು ಬರೆಯಲಿರುವ ಇಂಗ್ಲಿಷ್ ವಾಕ್ಯದ ಕೊನೆಗೆ 'ಆದರೆ ಅದು ನಿಜವಲ್ಲ' ಎಂಬುದನ್ನು ಜೋಡಿಸಿ ನೋಡಿ.

'ಹಿ ಅಡ್ಮಿಟೆಡ್ ದಟ್ ಹಿ ವಾಸ್ ಲೇಟ್' ಎಂಬುದಕ್ಕೆ ಈ ಬಾಲವನ್ನು ಜೋಡಿಸಿದರೆ ವಾಕ್ಯ ಮುಗ್ಗರಿಸುತ್ತದೆ. ಅಡ್ಮಿಟ್ ಎಂದ ಕೂಡಲೇ, ಅವನು ತಡವಾಗಿ ಬಂದದ್ದು ನಿಜ ಮತ್ತು ಅದು ತಪ್ಪು ಎಂಬ ಎರಡನ್ನೂ ಬರೆಯುವವನು ಒಪ್ಪಿಯಾಗಿದೆ. ನಿಜವೆಂದು ಒಪ್ಪುವ ಮಟ್ಟಿಗೆ ರಿವೀಲ್, ಕನ್ಸೀಡ್, ಪಾಯಿಂಟ್ ಔಟ್ ಇವೂ ಇದೇ ಜಾತಿಯವು. 'ಹಿ ಸೆಡ್' ಎಂಬುದಕ್ಕೆ ಜೋಡಿಸಿದರೆ ವಾಕ್ಯ ಸರಾಗವಾಗಿ ನಡೆಯುತ್ತದೆ, ಜೋಡಿಸದಿದ್ದರೂ ನಡೆಯುತ್ತದೆ. ಸೇ, ಟೆಲ್, ಸ್ಟೇಟ್ ಇವು ಯಾವ ಪಕ್ಷವನ್ನೂ ವಹಿಸದ ಪದಗಳು. 'ಹಿ ಕ್ಲೇಮ್ಡ್' ಎಂಬುದಕ್ಕೆ ಜೋಡಿಸಿದರೆ ಓದುಗನು ಅದನ್ನೇ ಕಾಯುತ್ತಿದ್ದನೇನೋ ಎನ್ನಿಸುತ್ತದೆ. 'ಹಿ ಪ್ರಿಟೆಂಡೆಡ್' ಎಂಬುದಕ್ಕೆ ಜೋಡಿಸುವ ಅಗತ್ಯವೇ ಇಲ್ಲ, ಏಕೆಂದರೆ ನಿಜವಲ್ಲ ಎಂಬುದು ಕ್ರಿಯಾಪದದ ಒಳಗೇ ಇದೆ.

ಪಾಯಿಂಟ್ ಔಟ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು ಎಂದು ನನಗೆ ಅನ್ನಿಸುತ್ತದೆ. ಕ್ಲೇಮ್ ಬಳಸಿ ಅನುಮಾನ ತೋರುವವರನ್ನು ಯಾರಾದರೂ ಹಿಡಿದು ಕೇಳುತ್ತಾರೆ; ಒಬ್ಬ ರಾಜಕಾರಣಿಯ ಮಾತಿಗೆ 'ಪಾಯಿಂಟೆಡ್ ಔಟ್' ಎಂದು ಬರೆದು ಅವನ ಪಕ್ಷ ಸೇರಿಬಿಟ್ಟವರನ್ನು ಯಾರೂ ಗಮನಿಸುವುದಿಲ್ಲ. 'ತೆರಿಗೆ ಹೆಚ್ಚಳದಿಂದ ಬೆಲೆ ಏರಿದೆ ಎಂದು ಅವರು ಹೇಳಿದರು' ಎಂಬುದು 'ಪಾಯಿಂಟೆಡ್ ಔಟ್' ಆದ ಕೂಡಲೇ, ಬೆಲೆ ಏರಿದ್ದಕ್ಕೆ ತೆರಿಗೆಯೇ ಕಾರಣ ಎಂದು ಬರೆದವನೇ ರುಜು ಹಾಕಿದಂತಾಗುತ್ತದೆ.

ಎರಡನೆಯ ಹೆಜ್ಜೆ: 'ಸೆಡ್' ಸಾಲದು ಎಂದು ಖಾತ್ರಿಯಾಗುವವರೆಗೆ ಅದನ್ನು ಬಿಡಬೇಡಿ

ಶಾಲೆಯಲ್ಲಿ ನಮಗೆ ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದು ಎಂದು ಕಲಿಸಿದ್ದಾರೆ, ಪ್ರಬಂಧಕ್ಕೆ ಅದು ಒಳ್ಳೆಯ ಮಾತೇ. ಆದರೆ ಇಂಗ್ಲಿಷ್ ವರದಿಯಲ್ಲಿ 'ಸೆಡ್' ಎಂಬುದು ಹತ್ತು ಸಲ ಬಂದರೂ ಓದುಗನ ಕಣ್ಣಿಗೆ ಕಾಣಿಸುವುದಿಲ್ಲ, ಅದು ಊಟದಲ್ಲಿ ಅನ್ನ ಇದ್ದ ಹಾಗೆ. ಬೇಸರ ಕಳೆಯಲೆಂದು ಸ್ಟೇಟೆಡ್, ಕ್ಲೇಮ್ಡ್, ಅಸರ್ಟೆಡ್, ಡಿಕ್ಲೇರ್ಡ್ ಎಂದು ಸರದಿಯಂತೆ ಹಾಕುತ್ತಾ ಹೋದರೆ, ಒಂದೇ ಸಭೆಯಲ್ಲಿ ಒಂದೇ ದನಿಯಲ್ಲಿ ಮಾತನಾಡಿದ ನಾಲ್ವರಲ್ಲಿ ಒಬ್ಬನು ಗುಮಾಸ್ತನಂತೆ, ಒಬ್ಬನು ಸುಳ್ಳನಂತೆ, ಒಬ್ಬನು ಹಟಮಾರಿಯಂತೆ, ಕೊನೆಯವನು ಚಕ್ರವರ್ತಿಯಂತೆ ಕಾಣಿಸುತ್ತಾರೆ.

ಸ್ಟೇಟ್ ಎಂಬುದರಲ್ಲಿ ಕಚೇರಿಯ ವಾಸನೆ ಇದೆ. ಲಿಖಿತ ಹೇಳಿಕೆ, ಅರ್ಜಿ, ಪೊಲೀಸರ ಮುಂದೆ ಕೊಟ್ಟ ಹೇಳಿಕೆ ಇಂಥ ಕಡೆ ಅದು ಸರಿ. ಊಟ ಚೆನ್ನಾಗಿತ್ತು ಎಂದು ಅತ್ತೆ ಹೇಳಿದ್ದನ್ನು 'ಸ್ಟೇಟೆಡ್' ಎಂದು ಬರೆದರೆ ನಗು ಬರುತ್ತದೆ.

ಮೂರನೆಯ ಹೆಜ್ಜೆ: ಮಾತು ಯಾರ ಪರ, ಯಾರ ವಿರುದ್ಧ ಎಂದು ನೋಡಿ

ಕ್ಲೇಮ್ ಮತ್ತು ಅಲೆಜ್ ಇವೆರಡರ ನಡುವಿನ ಗೊಂದಲ ಕನ್ನಡಿಗರಲ್ಲಿ ಹೆಚ್ಚು. ಎರಡರಲ್ಲೂ ಪುರಾವೆ ಇನ್ನೂ ಬಂದಿಲ್ಲ ಎಂಬ ಸೂಚನೆಯಿದೆ. ವ್ಯತ್ಯಾಸ ದಿಕ್ಕಿನದು. ಕ್ಲೇಮ್ ಮಾಡುವವನು ಸಾಮಾನ್ಯವಾಗಿ ತನಗೆ ಒಳ್ಳೆಯದಾಗುವ, ತನ್ನನ್ನು ಎತ್ತಿ ಹಿಡಿಯುವ ಅಥವಾ ತನ್ನನ್ನು ಪಾರು ಮಾಡುವ ಮಾತನ್ನು ಹೇಳುತ್ತಾನೆ. ಅಲೆಜ್ ಮಾಡುವವನು ಇನ್ನೊಬ್ಬನ ಮೇಲೆ ತಪ್ಪು ಹೊರಿಸುತ್ತಾನೆ. ಅದು ನಮ್ಮ 'ಆರೋಪಿಸು'ವಿಗೆ ಬಹಳ ಹತ್ತಿರ. ತಾನು ಅಂದು ಊರಲ್ಲೇ ಇರಲಿಲ್ಲ ಎಂದು ಆಪಾದಿತ ಹೇಳಿದರೆ ಅದು ಕ್ಲೇಮ್. ಅವನೇ ಬೇಲಿ ಕಿತ್ತು ಹಾಕಿದ ಎಂದು ಪಕ್ಕದ ಹೊಲದವನು ಹೇಳಿದರೆ ಅದು ಅಲೆಜ್. ಹೀಗಾಗಿ 'ಹಿ ಅಲೆಜ್ಡ್ ದಟ್ ಹಿ ಹ್ಯಾಡ್ ವನ್ ಎ ಗೋಲ್ಡ್ ಮೆಡಲ್' ಎಂಬ ವಾಕ್ಯ ವ್ಯಾಕರಣಕ್ಕೆ ಒಪ್ಪಿದರೂ ಕಿವಿಗೆ ಒಪ್ಪುವುದಿಲ್ಲ, ಏಕೆಂದರೆ ಪದಕ ಗೆಲ್ಲುವುದು ಆರೋಪವಲ್ಲ.

ಅಲೆಜ್ಡ್ ಎಂಬ ವಿಶೇಷಣವನ್ನು ಎಲ್ಲಿ ಅಂಟಿಸಬೇಕು ಎಂಬುದೂ ಒಂದು ಪ್ರಶ್ನೆ. ಸಾಬೀತಾಗದಿರುವುದಕ್ಕೆ ಮಾತ್ರ ಅದನ್ನು ಅಂಟಿಸಬೇಕು. ಒಬ್ಬನು ಸತ್ತಿರುವುದು ಎಲ್ಲರಿಗೂ ಗೊತ್ತಿದ್ದು, ಕೊಂದವರು ಯಾರೆಂಬುದು ಮಾತ್ರ ಗೊತ್ತಿಲ್ಲದಿದ್ದರೆ ಸಾವಿಗೆ ಅಲೆಜ್ಡ್ ಬೇಡ, ಕೊಲೆಗಾರನೆನ್ನಿಸಿಕೊಂಡವನಿಗೆ ಬೇಕು. ಕಾನೂನಿನ ಭಯಕ್ಕೆ ಒಂದೇ ವಾಕ್ಯದಲ್ಲಿ ಮೂರು ಕಡೆ ಅಲೆಜೆಡ್ಲಿ ಸಿಂಪಡಿಸುವ ಅಭ್ಯಾಸ ನಮ್ಮ ಇಂಗ್ಲಿಷ್ ವರದಿಗಾರಿಕೆಯಲ್ಲಿ ಬೇರೂರಿದೆ. ಒಮ್ಮೆ ಸರಿಯಾದ ಜಾಗದಲ್ಲಿಟ್ಟರೆ ಸಾಕು.

ಇನ್ನು ಕ್ಲೇಮ್ ಯಾವಾಗಲೂ ಅನುಮಾನದ ಪದವಲ್ಲ ಎಂಬುದನ್ನು ನೆನಪಿಡಬೇಕು. ಅದರ ಮೂಲ 'ಕೂಗು' ಎಂಬ ಅರ್ಥದ ಲ್ಯಾಟಿನ್ ಧಾತು, ಅಂದರೆ ನನ್ನದು ಎಂದು ಕೂಗಿ ಕೇಳುವುದು. ಆ ಹಳೆಯ ಅರ್ಥ ವಿಮೆಯ ಕ್ಲೇಮಿನಲ್ಲಿ, ಪೇಟೆಂಟ್ ಅರ್ಜಿಯ ಕ್ಲೇಮುಗಳಲ್ಲಿ, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಪಡೆದುಕೊಳ್ಳುವ ಬ್ಯಾಗೇಜ್ ಕ್ಲೇಮಿನಲ್ಲಿ ಹಾಗೆಯೇ ಉಳಿದಿದೆ. ಚುನಾವಣೆಯ ಫಲಿತಾಂಶ ಬಂದ ಮೇಲೆ ಸರ್ಕಾರ ರಚನೆಗೆ ಹಕ್ಕು ಮಂಡಿಸಿದರು ಎಂದು ನಮ್ಮ ಪತ್ರಿಕೆಗಳು ಬರೆಯುವುದನ್ನು ಇಂಗ್ಲಿಷ್ ಪತ್ರಿಕೆಗಳು 'ಸ್ಟೇಕ್ಡ್ ಕ್ಲೇಮ್' ಎನ್ನುತ್ತವೆ. ಅಪಘಾತವೊಂದು ಹನ್ನೆರಡು ಜೀವಗಳನ್ನು ಕ್ಲೇಮ್ ಮಾಡಿತು ಎಂದರೆ ಬಲಿ ತೆಗೆದುಕೊಂಡಿತು ಎಂದೇ ಅರ್ಥ. ಗುರುತು ಸುಲಭ: ಕ್ಲೇಮ್ ಆದಮೇಲೆ ನಾಮಪದ ಬಂದರೆ ಅದು ಬಹುಮಟ್ಟಿಗೆ ಹಕ್ಕು ಅಥವಾ ಪಡೆಯುವಿಕೆ, 'ದಟ್' ಅಥವಾ 'ಟು' ಬಂದರೆ ಅನುಮಾನ ಒಳಗೆ ಕಾಲಿಟ್ಟಿದೆ. ಉಗ್ರರ ಸಂಘಟನೆಯೊಂದು ದಾಳಿಯ ಹೊಣೆ ಹೊತ್ತುಕೊಂಡಿತು ಎಂಬುದಕ್ಕೆ ಬಳಸುವ 'ಕ್ಲೇಮ್ಡ್ ರೆಸ್ಪಾನ್ಸಿಬಿಲಿಟಿ' ಇವೆರಡರ ಗಡಿಯಲ್ಲಿ ನಿಂತಿರುವ ವಿಚಿತ್ರ ಪ್ರಯೋಗ.

ನಾಲ್ಕನೆಯ ಹೆಜ್ಜೆ: ಎದುರಾಡಿದವರು ಇದ್ದಾರೆಯೇ?

ಮಾತನ್ನು ಯಾರೋ ಅಲ್ಲಗಳೆದ ಮೇಲೂ ಅದನ್ನೇ ಹಿಡಿದು ನಿಂತರೆ ಬೇರೆ ಕ್ರಿಯಾಪದಗಳು ಬೇಕಾಗುತ್ತವೆ. ಮೇಂಟೇನ್ ಎಂದರೆ ಕಾಲ ಸರಿದರೂ ಮಾತು ಬದಲಿಸದೆ ಇರುವುದು. ಹತ್ತು ವರ್ಷ ಜೈಲಿನಲ್ಲಿದ್ದೂ ತಾನು ನಿರಪರಾಧಿ ಎನ್ನುತ್ತಿರುವವನಿಗೆ ಅದು ಸರಿಯಾದ ಪದ, ನಿನ್ನೆ ಸಂಜೆ ಒಮ್ಮೆ ಹೇಳಿದವನಿಗಲ್ಲ. ಇನ್‌ಸಿಸ್ಟ್ ಎಂಬುದರಲ್ಲಿ ದನಿ ಏರಿದೆ, ಪಟ್ಟು ಇದೆ. ಕಂಟೆಂಡ್ ಎಂಬುದು ವಾದದ ಪದ, ವಕೀಲರಿಗೂ ವಿದ್ವಾಂಸರಿಗೂ ಒಪ್ಪುತ್ತದೆ, ಅದರಲ್ಲಿ ಸುಳ್ಳಿನ ಸುಳಿವಿಲ್ಲ. ಸಂಶೋಧನಾ ಲೇಖನದಲ್ಲಿ ಇನ್ನೊಬ್ಬರ ಅಭಿಪ್ರಾಯವನ್ನು ಗೌರವದಿಂದ ಭಿನ್ನವಾಗಿ ನೋಡುವಾಗ ಕ್ಲೇಮ್ಸ್ ಎನ್ನುವುದಕ್ಕಿಂತ ಕಂಟೆಂಡ್ಸ್ ಅಥವಾ ಆರ್ಗ್ಯೂಸ್ ಎನ್ನುವುದು ಮರ್ಯಾದೆ.

ಅಸರ್ಟ್ ಎಂಬುದಕ್ಕೆ ನಮ್ಮಲ್ಲಿ 'ಪ್ರತಿಪಾದಿಸು' ಎಂದು ಬರೆಯುತ್ತಾರೆ, ಅದು ಪೂರ್ತಿ ಸರಿಯಲ್ಲ. ಪ್ರತಿಪಾದಿಸುವವನು ಕಾರಣ ಕೊಡುತ್ತಾನೆ. ಅಸರ್ಟ್ ಮಾಡುವವನು ಕಾರಣ ಕೊಡದೆಯೂ ಗಟ್ಟಿಯಾಗಿ ಹೇಳಬಲ್ಲ. 'ಮೇಜು ಕುಟ್ಟಿ ಹೇಳಿದ' ಎಂಬುದು ಅದಕ್ಕೆ ಹತ್ತಿರ.

ಇಲ್ಲಿ ಒಂದು ಗುಂಡಿ ಇದೆ, ಎಷ್ಟೋ ಅನುವಾದಕರು ಬಿದ್ದಿದ್ದಾರೆ, ನಾನೂ ಬಿದ್ದಿದ್ದೇನೆ. 'ಹಿ ಪ್ರೊಟೆಸ್ಟೆಡ್ ಹಿಸ್ ಇನ್ನೊಸೆನ್ಸ್' ಎಂದರೆ ತನ್ನ ನಿರಪರಾಧಿತ್ವವನ್ನು ಅವನು ಪ್ರತಿಭಟಿಸಿದ ಎಂದಲ್ಲ, ತಾನು ನಿರಪರಾಧಿ ಎಂದು ಒತ್ತಿ ಒತ್ತಿ ಹೇಳಿದ ಎಂದು. ಪ್ರೊಟೆಸ್ಟ್ ಆದಮೇಲೆ 'ಅಗೆನ್ಸ್ಟ್' ಬಂದರೆ ವಿರೋಧ. ಇನ್ನೊಸೆನ್ಸ್, ಲವ್, ಇಗ್ನೊರೆನ್ಸ್‌ನಂಥ ಪದ ನೇರವಾಗಿ ಬಂದರೆ ಸಾರಿ ಹೇಳುವುದು.

ಐದನೆಯ ಹೆಜ್ಜೆ: ಹೇಳಿದ್ದರಿಂದಲೇ ಏನಾದರೂ ಆಯಿತೇ?

ಡಿಕ್ಲೇರ್ ಬೇರೆಯದೇ ಕುಲದ ಪದ. ಅದರ ಲ್ಯಾಟಿನ್ ಮೂಲದಲ್ಲಿರುವುದು 'ತಿಳಿ, ಸ್ಪಷ್ಟ' ಎಂಬ ಅರ್ಥ. ಇದು ಕೇವಲ ಗಟ್ಟಿಯಾಗಿ ಹೇಳುವುದಲ್ಲ. ಸರಿಯಾದ ಅಧಿಕಾರ ಇದ್ದವರು ಸರಿಯಾದ ಸಂದರ್ಭದಲ್ಲಿ ಹೇಳಿದರೆ ಜಗತ್ತಿನಲ್ಲಿ ಏನೋ ಒಂದು ಬದಲಾಗುತ್ತದೆ.

ಕ್ರಿಕೆಟ್ ನೋಡುವವರಿಗೆ ಇದನ್ನು ವಿವರಿಸುವುದು ಸುಲಭ. 2004ರ ಮಾರ್ಚಿನಲ್ಲಿ ಮುಲ್ತಾನ್ ಟೆಸ್ಟಿನಲ್ಲಿ, ಗಂಗೂಲಿಯ ಬದಲಿಗೆ ತಂಡವನ್ನು ನಡೆಸುತ್ತಿದ್ದ ನಮ್ಮ ರಾಹುಲ್ ದ್ರಾವಿಡ್, ಸಚಿನ್ ತೆಂಡೂಲ್ಕರ್ 194ರಲ್ಲಿ ಅಜೇಯರಾಗಿದ್ದಾಗ ಭಾರತದ ಇನಿಂಗ್ಸನ್ನು 5 ವಿಕೆಟ್‌ಗೆ 675 ರನ್ನಿಗೆ ಡಿಕ್ಲೇರ್ ಮಾಡಿದರು. ಆ ನಿರ್ಧಾರ ಸರಿಯೋ ತಪ್ಪೋ ಎಂದು ಚಹಾದಂಗಡಿಗಳಲ್ಲಿ ಇಂದಿಗೂ ವಾದ ನಡೆಯುತ್ತದೆ. ಆದರೆ ಅದು ನಿಜವೋ ಸುಳ್ಳೋ ಎಂದು ಯಾರೂ ವಾದಿಸುವುದಿಲ್ಲ, ವಾದಿಸಲು ಬರುವುದೂ ಇಲ್ಲ. ಡಿಕ್ಲೇರ್ ಎಂದ ಕ್ಷಣಕ್ಕೆ ಇನಿಂಗ್ಸ್ ಮುಗಿಯಿತು. ಇಂಥ ಮಾತುಗಳನ್ನು ಇಂಗ್ಲಿಷ್ ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ ಪರ್ಫಾರ್ಮೆಟಿವ್ ಎಂದು ಕರೆದರು, ಅಂದರೆ ಆಡಿದರೇ ಮಾಡಿದಂತಾಗುವ ಮಾತು. 'ಆದರೆ ಅದು ನಿಜವಲ್ಲ' ಎಂಬ ನಮ್ಮ ಮೊದಲ ಹೆಜ್ಜೆಯ ಬಾಲ ಇಲ್ಲಿ ಅಂಟುವುದೇ ಇಲ್ಲ.

ಯುದ್ಧ, ರಜೆ, ದಿವಾಳಿತನ, ಚುನಾವಣೆಯಲ್ಲಿ ಗೆದ್ದವನ ಹೆಸರು, ಒಲಿಂಪಿಕ್ ಕ್ರೀಡಾಕೂಟದ ಆರಂಭ ಎಲ್ಲಕ್ಕೂ ಡಿಕ್ಲೇರ್ ಸಲ್ಲುವುದು ಈ ಕಾರಣಕ್ಕೆ. ಅನೌನ್ಸ್ ಎಂಬುದು ಇದಕ್ಕಿಂತ ಹಗುರ. ಆಗಲೇ ತೀರ್ಮಾನವಾದದ್ದನ್ನು ಜನರಿಗೆ ತಿಳಿಸುವುದು ಮಾತ್ರ ಅದರ ಕೆಲಸ. ರೈಲು ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬರಲಿದೆ ಎಂದು ಧ್ವನಿವರ್ಧಕದಲ್ಲಿ ಹೇಳುವುದು ಅನೌನ್ಸ್. ಅವರು ಹೇಳದಿದ್ದರೂ ರೈಲು ಬರುತ್ತಿತ್ತು. ಪ್ರೊಕ್ಲೇಮ್ ಎಂಬುದು ನಮ್ಮ 'ಡಂಗುರ ಸಾರು'ವಿನ ನೆಂಟ, ರಾಜ್ಯಾಧಿಕಾರದ ಮತ್ತು ಸಂಭ್ರಮದ ಪದ. ಸಂವಿಧಾನದ 352ನೇ ವಿಧಿಯಲ್ಲಿ ತುರ್ತು ಪರಿಸ್ಥಿತಿಗೆ ಪ್ರೊಕ್ಲಮೇಶನ್ ಎಂದೇ ಇದೆ. ಪ್ರೊನೌನ್ಸ್ ಎಂಬುದನ್ನು ಉಚ್ಚಾರಣೆಗೆ ಮಾತ್ರ ಮೀಸಲೆಂದು ತಿಳಿಯಬೇಡಿ. ನ್ಯಾಯಾಧೀಶರು ತೀರ್ಪನ್ನೂ ವೈದ್ಯರು ಸಾವನ್ನೂ ಪ್ರೊನೌನ್ಸ್ ಮಾಡುತ್ತಾರೆ.

ಡಿಕ್ಲೇರ್‌ಗೆ ಇನ್ನೊಂದು ಮುಖ ಇದೆ, ಅದು ಬಚ್ಚಿಡದೆ ತೋರಿಸುವುದು. ವಿದೇಶದಿಂದ ಬಂದಿಳಿದಾಗ ಸುಂಕದವರು ಏನಾದರೂ ಡಿಕ್ಲೇರ್ ಮಾಡುವುದಿದೆಯೇ ಎನ್ನುವುದು, ಚುನಾವಣೆಗೆ ನಿಂತವರು ಪ್ರಮಾಣಪತ್ರದಲ್ಲಿ ಆಸ್ತಿ ಡಿಕ್ಲೇರ್ ಮಾಡುವುದು ಈ ಅರ್ಥದಲ್ಲಿ.

ಇಲ್ಲಿ ನಮ್ಮವರು ಮಾಡುವ ಒಂದು ತಪ್ಪು ಕನ್ನಡದಿಂದಲೇ ಹೋದದ್ದು. 'ಅವರನ್ನು ವಿಜೇತರೆಂದು ಘೋಷಿಸಲಾಯಿತು' ಎಂಬಲ್ಲಿರುವ 'ಎಂದು' ಇಂಗ್ಲಿಷಿಗೆ ಹೋಗುವಾಗ 'ಆ್ಯಸ್' ಆಗಿಬಿಡುತ್ತದೆ, 'ಡಿಕ್ಲೇರ್ಡ್ ಆ್ಯಸ್ ದ ವಿನ್ನರ್' ಎಂದು. ಡಿಕ್ಲೇರ್‌ಗೆ ಆ ಊರುಗೋಲು ಬೇಡ. 'ಶಿ ವಾಸ್ ಡಿಕ್ಲೇರ್ಡ್ ದ ವಿನ್ನರ್', 'ದ ಬ್ರಿಜ್ ವಾಸ್ ಡಿಕ್ಲೇರ್ಡ್ ಅನ್‌ಸೇಫ್' ಎಂದು ನೇರವಾಗಿ ಬರೆಯಬೇಕು.

ಆಣೆ, ಪ್ರಮಾಣದ ಜೋಡಿಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ನಮ್ಮ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಮಂತ್ರಿಗಳೂ ಶಾಸಕರೂ ಹೇಳಬೇಕಾದ ಮಾತಿಗೆ ಎರಡು ದಾರಿಗಳಿವೆ. ದೇವರ ಹೆಸರಿನಲ್ಲಿ ಹೇಳುವವರಿಗೆ ಸ್ವೇರ್, ದೇವರನ್ನು ತರದೆ ಹೇಳುವವರಿಗೆ ಸಾಲೆಮ್ನ್‌ಲಿ ಅಫರ್ಮ್. ಎರಡರ ಬಲವೂ ಒಂದೇ. ಪ್ರಮಾಣವಚನದ ಸುದ್ದಿಯನ್ನು ಇಂಗ್ಲಿಷಿಗೆ ತರುವಾಗ ಅವರು ಯಾವುದನ್ನು ಹೇಳಿದರೆಂದು ಕೇಳಿ ಬರೆಯಿರಿ, ಕೆಲವರಿಗೆ ಅದು ಬಹಳ ಮುಖ್ಯವಾದ ಆಯ್ಕೆ.

ಆರನೆಯ ಹೆಜ್ಜೆ: ಅಂಚಿನಲ್ಲಿರುವ ಎರಡು ಪದಗಳು

ಪ್ರೊಫೆಸ್ ಎಂಬುದು ಒಂದು ಕಾಲದಲ್ಲಿ ಬಹಿರಂಗವಾಗಿ ನಂಬಿಕೆಯನ್ನು ಹೇಳಿಕೊಳ್ಳುವ ಪದವಾಗಿತ್ತು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರೊಫೆಸ್, ಪ್ರ್ಯಾಕ್ಟೀಸ್ ಮತ್ತು ಪ್ರೊಪಗೇಟ್ ಮಾಡುವ ಹಕ್ಕನ್ನು ಕೊಡುವಾಗ ಆ ನಿರ್ಮಲವಾದ ಅರ್ಥವೇ ಇದೆ. ದಿನಬಳಕೆಯಲ್ಲಿ ಮಾತ್ರ ಅದಕ್ಕೆ ಹುಳಿ ಹತ್ತಿದೆ. 'ಹಿ ಪ್ರೊಫೆಸಸ್ ಟು ಲವ್ ಕನ್ನಡ' ಎಂದರೆ, ಬಾಯಲ್ಲಿ ಹೇಳುತ್ತಾನೆ, ಮನೆಯಲ್ಲಿ ಬೇರೆ ಎಂದು ಇಂಗ್ಲಿಷ್ ಬಲ್ಲವರು ಓದಿಕೊಳ್ಳುತ್ತಾರೆ. ಹೊಗಳಬೇಕೆಂದು ಕುಳಿತು ಈ ಪದವನ್ನು ಬಳಸಬೇಡಿ.

ಪರ್ಪೋರ್ಟ್ ಎಂಬುದಕ್ಕೆ ಕರ್ತೃವಾಗಿ ಸಾಮಾನ್ಯವಾಗಿ ಕೂರುವುದು ಮನುಷ್ಯನಲ್ಲ, ಕಾಗದ. ಒಂದು ಪತ್ರ ತನ್ನ ಮುಖದ ಮೇಲೆ ತಾನು ಇಂಥದ್ದು ಎಂದು ಹೇಳಿಕೊಳ್ಳುತ್ತದೆ, ಆದರೆ ಅದು ನಿಜಕ್ಕೂ ಅಂಥದ್ದೇ ಎಂದು ಇನ್ನೂ ಸಾಬೀತಾಗಿಲ್ಲ; ಆ ಸ್ಥಿತಿಗೆ ಈ ಪದ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 90ನೇ ಕಲಂ ಮೂವತ್ತು ವರ್ಷ ಹಳೆಯ ದಸ್ತಾವೇಜುಗಳ ಕುರಿತು ಹೇಳುವಾಗ 'ಪರ್ಪೋರ್ಟಿಂಗ್ ಆರ್ ಪ್ರೂವ್ಡ್' ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟಿತ್ತು: ಹಳೆಯದೆಂದು ತಾನೇ ಹೇಳಿಕೊಳ್ಳುವುದು ಒಂದು, ಹಳೆಯದೆಂದು ರುಜುವಾತಾದದ್ದು ಇನ್ನೊಂದು. ಈ ಪದ ಆದಮೇಲೆ 'ಟು' ಬರಬೇಕು, 'ದಟ್' ಬರುವುದಿಲ್ಲ. 'ಈಸ್ ಪರ್ಪೋರ್ಟೆಡ್ ಟು ಬಿ' ಎಂಬ ಕರ್ಮಣಿ ರೂಪಕ್ಕೆ ಹಳೆಯ ಕಾಲದ ಬಳಕೆಗಾರರು ಮೂಗು ಮುರಿಯುತ್ತಾರಾದರೂ ಈಗ ಪತ್ರಿಕೆಗಳಲ್ಲಿ ಧಾರಾಳವಾಗಿದೆ.

ಏಳನೆಯ ಹೆಜ್ಜೆ: ಸೋಗಿನ ಸಂಸಾರ

ನಾವು 'ಅವನಿಗೇನೂ ಆಗಿಲ್ಲ, ಆ್ಯಕ್ಟಿಂಗ್ ಮಾಡ್ತಿದಾನೆ' ಎನ್ನುತ್ತೇವೆ, ಕೋಪ ಬಂದರೆ 'ನಾಟಕ ಆಡಬೇಡ' ಎನ್ನುತ್ತೇವೆ. ಎರಡೂ ನಮ್ಮ ಇಂಗ್ಲಿಷಿಗೆ ಹಾಗೆಯೇ ದಾಟಿ, 'ಹಿ ಈಸ್ ಡೂಯಿಂಗ್ ಡ್ರಾಮಾ' ಎಂದು ಬೆಂಗಳೂರಿನ ಕಚೇರಿಗಳಲ್ಲಿ ಬಾಳುತ್ತಿವೆ. ಸ್ನೇಹಿತರ ನಡುವೆ ಅಡ್ಡಿಯಿಲ್ಲ. ಬರವಣಿಗೆಯಲ್ಲಿ ಆ್ಯಕ್ಟ್ ಎಂದರೆ ವರ್ತಿಸು ಅಥವಾ ರಂಗದ ಮೇಲೆ ಅಭಿನಯಿಸು ಎಂದಾಗುತ್ತದೆ, ಸೋಗಿಗೆ ಬೇಕಾದ ಪದ ಪ್ರಿಟೆಂಡ್.

ಪ್ರಿಟೆಂಡ್ ಬಹಳ ಅಗಲವಾದ ಪದ. ಮಕ್ಕಳು ಅಂಗಡಿಯಾಟ ಆಡುವುದಕ್ಕೂ ಅದೇ, ಮೋಸಗಾರ ಪೊಲೀಸನಂತೆ ಬರುವುದಕ್ಕೂ ಅದೇ. ನಿದ್ದೆ ಬಂದವನಂತೆ ಮಲಗುವುದು, ಕೇಳಿಸಿಯೂ ಕೇಳಿಸದವನಂತೆ ಕೂರುವುದು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಎಲ್ಲವೂ ಇದರ ಹೊಟ್ಟೆಯಲ್ಲಿವೆ. ಫೇನ್ ಅದಕ್ಕಿಂತ ಕಿರಿದು. ಅದು ಭಾವ ಅಥವಾ ದೇಹಸ್ಥಿತಿಯನ್ನು ಮಾತ್ರ ಹಿಡಿಯುತ್ತದೆ: ಕಾಯಿಲೆ, ನಿದ್ದೆ, ಆಶ್ಚರ್ಯ, ಅಜ್ಞಾನ. ಅದಾದ ಮೇಲೆ ನೇರವಾಗಿ ನಾಮಪದ ಬಂದರೆ ಚೆನ್ನ. ಫಿಕ್ಷನ್ ಹುಟ್ಟಿದ ಲ್ಯಾಟಿನ್ ಧಾತುವಿನಿಂದಲೇ ಇದೂ ಹುಟ್ಟಿದ್ದರಿಂದ ಸ್ವಲ್ಪ ಪುಸ್ತಕದ ಪದ. ಮಾತಿನಲ್ಲಾದರೆ ಫೇಕ್ ಎನ್ನುತ್ತಾರೆ. ಸಿಮ್ಯುಲೇಟ್ ಎಂಬುದು ಯಂತ್ರಗಳ, ಪ್ರಯೋಗಾಲಯಗಳ ಪದ, ಅದರಲ್ಲಿ ಮೋಸ ಇರಬೇಕೆಂದಿಲ್ಲ. ವಿಮಾನ ಚಾಲಕರು ತರಬೇತಿ ಪಡೆಯುವ ಸಿಮ್ಯುಲೇಟರಿನಿಂದ ಯಾರೂ ವಂಚಿತರಾಗುವುದಿಲ್ಲ. ಮಲಿಂಗರ್ ಎಂದರೆ ಕೆಲಸ ತಪ್ಪಿಸಿಕೊಳ್ಳಲೆಂದೇ ಕಾಯಿಲೆಯ ನೆಪ ಹೂಡುವುದು, ಸೈನ್ಯದಲ್ಲೂ ವೈದ್ಯರಲ್ಲೂ ಬಳಕೆ ಹೆಚ್ಚು.

ಪ್ರಿಟೆಂಡ್, ಫೇನ್, ಸಿಮ್ಯುಲೇಟ್ ಈ ಮೂರು ಪದಗಳೂ ಒಂದೇ ಕಡೆ ತಮ್ಮ ತಮ್ಮ ಜಾಗದಲ್ಲಿ ಕೂತಿರುವುದನ್ನು ನೋಡಬೇಕಾದರೆ ಫುಟ್‌ಬಾಲಿನ ನಿಯಮಾವಳಿಯ 12ನೇ ನಿಯಮ ಓದಬೇಕು. ರೆಫರಿಗೆ ಮೋಸ ಮಾಡಲು ನೋಡಿದ ಆಟಗಾರನಿಗೆ ಹಳದಿ ಕಾರ್ಡು ತೋರಿಸಬೇಕೆನ್ನುವ ಸಾಲಿನಲ್ಲಿ, ಗಾಯಕ್ಕೆ 'ಫೇನಿಂಗ್ ಇಂಜುರಿ' ಎಂದೂ, ತನ್ನ ಮೇಲೆ ಫೌಲ್ ಆಯಿತೆಂದು ತೋರಿಸಿಕೊಳ್ಳುವುದಕ್ಕೆ 'ಪ್ರಿಟೆಂಡಿಂಗ್ ಟು ಹ್ಯಾವ್ ಬೀನ್ ಫೌಲ್ಡ್' ಎಂದೂ, ಈ ಅಪರಾಧಕ್ಕೆ ಇಡುವ ಶಾಸ್ತ್ರೀಯ ಹೆಸರಾಗಿ 'ಸಿಮ್ಯುಲೇಶನ್' ಎಂದೂ ಇದೆ. ಗಾಯ ದೇಹಸ್ಥಿತಿಯಾದ್ದರಿಂದ ಫೇನ್, ಅದರ ಮುಂದೆ ನಾಮಪದ. ಫೌಲ್ ಆಗುವುದು ಒಂದು ಘಟನೆಯಾದ್ದರಿಂದ ಪ್ರಿಟೆಂಡ್, ಅದರ ಮುಂದೆ 'ಟು'. ಇವುಗಳನ್ನು ಅದಲುಬದಲು ಮಾಡಿ ನೋಡಿ, ವಾಕ್ಯ ಕೂಡಲೇ ಕುಂಟುತ್ತದೆ.

ವೇಷ ಹಾಕಿ ಇನ್ನೊಬ್ಬನಾಗುವುದಕ್ಕೆ ಪೋಸ್ ಆ್ಯಸ್ ಮತ್ತು ಇಂಪರ್ಸನೇಟ್ ಇವೆ. ನಿಜವಾಗಿ ಬದುಕಿರುವ ಒಬ್ಬ ವ್ಯಕ್ತಿ ಅಥವಾ ಅಧಿಕಾರಿಯ ಗುರುತನ್ನು ಕದ್ದರೆ ಇಂಪರ್ಸನೇಟ್. ನಮ್ಮ ಕಾನೂನಿನಲ್ಲಿ ಮಾತ್ರ ಮುಂದಿನ 'ಇಂ' ಇಲ್ಲದೆ ಪರ್ಸನೇಶನ್ ಎಂದಿದೆ. ಭಾರತೀಯ ದಂಡ ಸಂಹಿತೆಯ 416ನೇ ಕಲಂ ಬೇರೊಬ್ಬ ವ್ಯಕ್ತಿಯೆಂದು ಪ್ರಿಟೆಂಡ್ ಮಾಡಿ ವಂಚಿಸುವುದನ್ನು ಚೀಟಿಂಗ್ ಬೈ ಪರ್ಸನೇಶನ್ ಎಂದು ಕರೆದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನಲ್ಲೂ ಅದೇ ಹೆಸರು ಉಳಿದಿದೆ. ನ್ಯಾಯಾಲಯದ ಕಾಗದ ಅನುವಾದಿಸುವವರು ಇದನ್ನು ತಪ್ಪು ಮುದ್ರಣವೆಂದು ತಿದ್ದಬಾರದು.

ಪ್ರಿಟೆಂಡ್‌ನ ಹಳೆಯ ಬಾಳೊಂದನ್ನು ಹೇಳದೆ ಮುಂದೆ ಹೋಗಲಾರೆ. 1688ರಲ್ಲಿ ಪಟ್ಟ ಕಳೆದುಕೊಂಡ ಇಂಗ್ಲೆಂಡಿನ ಎರಡನೇ ಜೇಮ್ಸನ ಮಗನನ್ನು ಚರಿತ್ರೆಯಲ್ಲಿ ಓಲ್ಡ್ ಪ್ರಿಟೆಂಡರ್ ಎಂದೂ, 1745ರಲ್ಲಿ ಸ್ಕಾಟ್ಲೆಂಡಿನಲ್ಲಿ ಇಳಿದು ದಂಗೆ ಎಬ್ಬಿಸಿದ ಮೊಮ್ಮಗ ಚಾರ್ಲ್ಸನನ್ನು ಯಂಗ್ ಪ್ರಿಟೆಂಡರ್ ಎಂದೂ ಕರೆಯುತ್ತಾರೆ. ಇವರು ಸೋಗುಗಾರರಲ್ಲ. ಆ ಪದದ ಮೂಲ ಅರ್ಥ ಮುಂದಕ್ಕೆ ಚಾಚು, ಅಂದರೆ ಸಿಂಹಾಸನಕ್ಕೆ ಕೈ ಚಾಚಿದವನು, ಹಕ್ಕುದಾರ. ಫ್ರೆಂಚಿನಲ್ಲಿ ಈ ಪದದ ಸೋದರ ಇವತ್ತಿಗೂ 'ಹೀಗೆಂದು ಹೇಳಿಕೊಳ್ಳು' ಎಂಬ ಅರ್ಥದಲ್ಲೇ ಇದ್ದಾನೆ, ಆದ್ದರಿಂದ ಫ್ರೆಂಚ್ ಕಲಿಯುತ್ತಿರುವವರು ಇಲ್ಲಿ ಎರಡು ಸಲ ಎಡವುತ್ತಾರೆ. ಚರಿತ್ರೆಯ ಪುಸ್ತಕ ಅನುವಾದಿಸುವಾಗ ಪ್ರಿಟೆಂಡರ್ ಕಂಡರೆ 'ಕಪಟಿ' ಎಂದು ಬರೆಯುವ ಮೊದಲು ಇನ್ನೊಮ್ಮೆ ಯೋಚಿಸಿ.

ಎಂಟನೆಯ ಹೆಜ್ಜೆ: ಕ್ರಿಯಾಪದ ಆದಮೇಲೆ ಏನು ಬರಬೇಕು

ಪದ ಸರಿಯಾಗಿ ಸಿಕ್ಕಮೇಲೂ ವಾಕ್ಯ ಕೆಡುವುದು ಅದರ ಮುಂದಿನ ಜೋಡಣೆಯಲ್ಲಿ, ಏಕೆಂದರೆ ಕನ್ನಡದ 'ಎಂದು' ಎಲ್ಲ ಕ್ರಿಯಾಪದಗಳಿಗೂ ಒಂದೇ ಥರ ಅಂಟಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಹಾಗಿಲ್ಲ. ಕ್ಲೇಮ್, ಪ್ರಿಟೆಂಡ್, ಪ್ರೊಫೆಸ್ ಮೂರಕ್ಕೂ 'ಟು' ಒಪ್ಪುತ್ತದೆ: 'ಕ್ಲೇಮ್ಸ್ ಟು ಬಿ', 'ಪ್ರಿಟೆಂಡ್ಸ್ ಟು ಬಿ'. ಅಸರ್ಟ್, ಮೇಂಟೇನ್, ಕಂಟೆಂಡ್, ಇನ್‌ಸಿಸ್ಟ್‌ಗಳಿಗೆ ಒಪ್ಪುವುದಿಲ್ಲ. 'ಹಿ ಅಸರ್ಟೆಡ್ ಟು ಬಿ ದ ಓನರ್' ತಪ್ಪು, 'ಅಸರ್ಟೆಡ್ ದಟ್ ಹಿ ವಾಸ್ ದ ಓನರ್' ಸರಿ. ಅಲೆಜ್ ಕರ್ತರಿಯಲ್ಲಿ 'ದಟ್' ಬೇಡುತ್ತದೆ, ಕರ್ಮಣಿಯಲ್ಲಿ 'ಈಸ್ ಅಲೆಜ್ಡ್ ಟು ಹ್ಯಾವ್' ಎಂದಾಗುತ್ತದೆ. ಅನೌನ್ಸ್ ಮತ್ತು ಡಿಕ್ಲೇರ್ ಆದಮೇಲೆ ಕೇಳುಗನನ್ನು ತರಬೇಕಾದರೆ ನಡುವೆ 'ಟು' ಬೇಕು: 'ಅನೌನ್ಸ್ಡ್ ಟು ಅಸ್ ದಟ್'. 'ಅನೌನ್ಸ್ಡ್ ಅಸ್' ಎಂದರೆ ಸಭೆಗೆ ಬಂದವರ ಹೆಸರು ಕೂಗಿ ಹೇಳುವುದು.

ಒಂದೇ ಪ್ರಸಂಗದಲ್ಲಿ ಇಷ್ಟೂ ಪದಗಳು

ಮುಗಿಸುವ ಮೊದಲು, ಈಗ ಎಲ್ಲರ ಮನೆಗೂ ಬರುವ ಒಂದು ಫೋನ್ ಕರೆಯನ್ನು ತೆಗೆದುಕೊಂಡು ಹೆಜ್ಜೆ ಹೆಜ್ಜೆಯಾಗಿ ಬರೆದು ನೋಡೋಣ. ನಿವೃತ್ತ ಶಿಕ್ಷಕಿಯೊಬ್ಬರಿಗೆ ಬ್ಯಾಂಕಿನ ಅಧಿಕಾರಿ ಎಂದು ಹೇಳಿಕೊಂಡವನೊಬ್ಬ ಕರೆ ಮಾಡಿ, ಒಟಿಪಿ ಪಡೆದು, ಖಾತೆಯಿಂದ ಹಣ ಎಳೆದಿದ್ದಾನೆ ಎಂದಿಟ್ಟುಕೊಳ್ಳಿ.

ಅವರು ದೂರು ಕೊಟ್ಟ ದಿನ ನಮಗೆ ಗೊತ್ತಿರುವುದು ಅವರ ಮಾತು ಮಾತ್ರ. ಹಣ ಹೋಯಿತೆಂದು ಅವರು ಹೇಳಿದ್ದಕ್ಕೆ 'ಸೆಡ್'. ಖಾತೆಯ ವಿವರ ಕೈಯಲ್ಲಿರುವಾಗ ಅಲ್ಲಿ ಕ್ಲೇಮ್ಡ್ ಬರೆಯುವುದು ಕಳೆದುಕೊಂಡವರ ಮೇಲೆ ಇನ್ನೊಂದು ಏಟು. ಕರೆ ಮಾಡಿದವನು ತಾನು ಅಧಿಕಾರಿ ಎಂದದ್ದಕ್ಕೆ 'ಕ್ಲೇಮ್ಡ್ ಟು ಬಿ', ಏಕೆಂದರೆ ಅವನು ಯಾರೆಂದು ಇನ್ನೂ ತಿಳಿದಿಲ್ಲ. ಅವನು ಕಳಿಸಿದ, ಬ್ಯಾಂಕಿನ ಲಾಂಛನವಿದ್ದ ಸಂದೇಶಕ್ಕೆ 'ಪರ್ಪೋರ್ಟಿಂಗ್ ಟು ಬಿ ಫ್ರಮ್ ದ ಬ್ಯಾಂಕ್'. ತನ್ನಲ್ಲಿ ಅಂಥ ಅಧಿಕಾರಿ ಇಲ್ಲ ಎಂದು ಬ್ಯಾಂಕು ಪತ್ರದಲ್ಲಿ ತಿಳಿಸಿದರೆ 'ಸ್ಟೇಟೆಡ್'. ಆ 'ಕ್ಲೇಮ್ಡ್ ಟು ಬಿ' ಇನ್ನು 'ಪೋಸ್ಡ್ ಆ್ಯಸ್' ಆಗಬಹುದು, ಅಧಿಕಾರಿ ಅಲ್ಲ ಎಂಬುದೀಗ ಖಚಿತ.

ಪೊಲೀಸರು ಒಬ್ಬನನ್ನು ಹಿಡಿದು ತಂದ ದಿನ ಎಲ್ಲರೂ ಜಾರುತ್ತಾರೆ. ಕರೆ ಮಾಡಿದವನು ಸೋಗು ಹಾಕಿದ್ದು ಖಚಿತ, ಆದರೆ ಹಿಡಿದವನೇ ಕರೆ ಮಾಡಿದವನು ಎಂಬುದು ಖಚಿತವಲ್ಲ. ಆದ್ದರಿಂದ ಸೋಗಿಗೆ ಅಲೆಜ್ಡ್ ಬೇಡ, ಹಿಡಿದವನ ಹೆಸರಿನ ಜೊತೆಗೆ ಬೇಕು: 'ಈಸ್ ಅಲೆಜ್ಡ್ ಟು ಹ್ಯಾವ್ ಮೇಡ್ ದ ಕಾಲ್'. ತನಗೆ ಏನೂ ಗೊತ್ತಿಲ್ಲ ಎಂದು ಅವನು ವಿಚಾರಣೆಯ ಉದ್ದಕ್ಕೂ ಹೇಳುತ್ತಲೇ ಬಂದರೆ 'ಮೇಂಟೇನ್ಡ್'. ನ್ಯಾಯಾಲಯಕ್ಕೆ ಬರುವ ದಿನವೇ ಎದೆನೋವೆಂದು ಆಸ್ಪತ್ರೆ ಸೇರಿದರೆ, ವೈದ್ಯರು ಪರೀಕ್ಷಿಸಿ ಏನೂ ಇಲ್ಲ ಎನ್ನುವವರೆಗೆ 'ಕಂಪ್ಲೇನ್ಡ್ ಆಫ್ ಚೆಸ್ಟ್ ಪೇಯ್ನ್'. ಏನೂ ಇಲ್ಲ ಎಂದ ಮೇಲೂ 'ಫೇನ್ಡ್' ಬರೆಯಲು ಅವಸರ ಬೇಡ, ಸೋಗು ಎಂದು ವೈದ್ಯರೇ ಬರೆದುಕೊಟ್ಟಿದ್ದರೆ ಮಾತ್ರ ಬರೆಯಿರಿ. ಅಪರಾಧ ಸಾಬೀತಾಗಿ ತೀರ್ಪು ಪ್ರೊನೌನ್ಸ್ ಆದಮೇಲೆ ಅಲೆಜ್ಡ್ ತೆಗೆದುಹಾಕಿ, ಅವನ ಹೆಸರಿನ ಮುಂದೆಯೇ 'ಪ್ರಿಟೆಂಡೆಡ್ ಟು ಬಿ ಎ ಬ್ಯಾಂಕ್ ಆಫೀಸರ್' ಎಂದು ಬರೆಯಬಹುದು. ಖುಲಾಸೆಯಾದರೆ ಅಲೆಜ್ಡ್ ಅಲ್ಲೇ ಇರಲಿ, ಆದರೆ 'ಈಸ್' ಇದ್ದದ್ದು 'ವಾಸ್' ಆಗಬೇಕು, ಮತ್ತು ಖುಲಾಸೆಯಾದ ಸಂಗತಿ ಅದೇ ವಾಕ್ಯದಲ್ಲಿ ಬರಬೇಕು.